ಸಕ್ಕರೆ ಎಷ್ಟು ಎಂದು ಕೇಳಿ ಹಾಕಿ

ಚಹಾದಂಗಡಿ ನಡೆಸುವ ಎಲ್ಲ ಅಣ್ಣಂದಿರಿಗೆ, ಅಕ್ಕಂದಿರಿಗೆ, ಕಾಕಾಗಳಿಗೆ,



ನಿಮ್ಮಲ್ಲಿ ನನ್ನದೊಂದು ಬೇಡಿಕೆಯಿದೆ. ಸುತ್ತಿ ಬಳಸದೆ ಮೊದಲೇ ಹೇಳಿಬಿಡುತ್ತೇನೆ. ಚಹಾ ಕುದಿಯುವ ಪಾತ್ರೆಗೆ ಸಕ್ಕರೆ ಸುರಿಯಬೇಡಿ. ಸೋಸಿದ ಮೇಲೆ ಗ್ಲಾಸಿಗೆ ಹಾಕಿ. ಹಾಕುವ ಮುನ್ನ ಎದುರಿಗೆ ನಿಂತವರನ್ನು ‘ಎಷ್ಟು ಹಾಕಲಿ?’ ಎಂದು ಒಂದು ಮಾತು ಕೇಳಿ. ಮುಂದೆ ಬರೆದಿರುವುದೆಲ್ಲ ಈ ಬೇಡಿಕೆಯ ಹಿಂದಿನ ಕಾರಣಗಳು.

ನಾನು ಧಾರವಾಡದವಳು, ದುಡಿಯಲು ಹೊರಗೆ ಹೋಗುವವಳು. ನನ್ನ ದಿನದ ಚಹಾದಲ್ಲಿ ಅರ್ಧ ಮನೆಯದು, ಅರ್ಧ ನಿಮ್ಮದು. ಮನೆಯ ಚಹಾ ನನ್ನ ಹದಕ್ಕೆ ಇರುತ್ತದೆ, ಅಂಗಡಿಯ ಚಹಾ ನಿಮ್ಮ ಹದಕ್ಕೆ ಇರುತ್ತದೆ. ಅದು ಹಾಗೇ ಇರಬೇಕಾದದ್ದು. ಹಾಲು ಎಷ್ಟು, ಶುಂಠಿ ಎಷ್ಟು, ಯಾವ ಪುಡಿ, ಎಷ್ಟು ಕುದಿ ಎಂಬುದೆಲ್ಲ ನಿಮ್ಮ ಕೈಗುಣಕ್ಕೆ ಬಿಟ್ಟದ್ದು. ಆ ಕೈಗುಣ ಅರಸಿಕೊಂಡೇ ನಾವು ಹತ್ತಿರದ ಅಂಗಡಿ ಬಿಟ್ಟು ದೂರದ್ದಕ್ಕೆ ನಡೆದು ಬರುತ್ತೇವೆ. ಆದರೆ ಸಕ್ಕರೆಯೆಂಬುದು ಕುಡಿಯುವವರ ನಾಲಗೆಗೂ ಮೈಗೂ ಸೇರಿದ ವಿಷಯ. ಅದರ ತೀರ್ಮಾನ ಕುಡಿಯುವವರಿಗೇ ಸೇರಬೇಕು.

ನಮ್ಮ ನಾಡಿನಲ್ಲಿ ಚಹಾಕ್ಕೆ ಒಂದೇ ರೂಪವಿಲ್ಲ. ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಡೆ ಹಾಲು ಮುಂದು, ಕುದಿ ಜಾಸ್ತಿ, ಶುಂಠಿ ಏಲಕ್ಕಿ ಇರಲೇಬೇಕು. ಗ್ಲಾಸು ಸಣ್ಣದು, ಚಹಾ ಖಡಕ್ಕು. ಕಲಬುರಗಿ, ಬೀದರಿನ ಕಡೆ ಹೈದರಾಬಾದಿನ ರೂಢಿಯ ಇರಾನಿ ಚಹಾ ಸಿಗುತ್ತದೆ: ಡಿಕಾಕ್ಷನ್ನು ಬೇರೆ, ಕಾಯಿಸಿ ಕಾಯಿಸಿ ಗಟ್ಟಿಮಾಡಿದ ಹಾಲು ಬೇರೆ, ಎರಡೂ ಕೂಡುವುದು ಕಪ್ಪಿನಲ್ಲಿ. ಭಟ್ಕಳ, ಮಂಗಳೂರಿನ ಕಡೆ ಭಾರೀ ಊಟದ ಮೇಲೆ ಸುಲೈಮಾನಿ ಬೇಕು; ಹಾಲಿಲ್ಲದ, ನಿಂಬೆ ಹಿಂಡಿದ ಕೆಂಪು ಚಹಾ ಅದು. ಬೆಂಗಳೂರಿನಲ್ಲಿ ಇಬ್ಬರು ಸ್ನೇಹಿತರು ಸೇರಿದರೆ ಒಂದನ್ನೇ ಇಬ್ಬರೂ ಹಂಚಿಕೊಳ್ಳುವ ಬೈಟೂ. ಕಾಫಿಯ ಸೀಮೆ ಎನಿಸಿದ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕೆಳಗೂರಿನಂಥ ಚಹಾ ತೋಟವಿದೆ. ಅಲ್ಲಿನ ಪುಡಿಯನ್ನು ಹುಡುಕಿ ತರಿಸಿಕೊಳ್ಳುವವರು ಇದ್ದಾರೆ.

ಊರಿಂದ ಊರಿಗೆ ಮಾತ್ರವಲ್ಲ, ಒಂದೇ ಅಂಗಡಿಯ ಮುಂದೆ ನಿಂತ ನಾಲ್ಕು ಜನರಲ್ಲೂ ನಾಲ್ಕು ಹದ. ಎಪಿಎಂಸಿಯಲ್ಲಿ ಮೂಟೆ ಇಳಿಸಿ ಬಂದ ಹಮಾಲರಿಗೆ ಎರಡು ಚಮಚ ಸಕ್ಕರೆ ಬೇಕು; ಆ ಹೊತ್ತಿಗೆ ಅವರಿಗೆ ಅದು ಚಹಾ ಅಷ್ಟೇ ಅಲ್ಲ, ಹೊಟ್ಟೆಗೆ ಬೀಳುವ ಬಲ. ರಾತ್ರಿಯೆಲ್ಲ ಬಸ್ಸು ಓಡಿಸಿದ ಡ್ರೈವರ್‌ಗೆ ಪುಡಿ ಮುಂದಿರುವ ಸ್ಟ್ರಾಂಗ್ ಚಹಾ ಬೇಕು. ಕಾಲೇಜಿನ ಹುಡುಗಿಗೆ ಹಾಲು ಮುಂದು ಬೇಕು. ಆಸ್ಪತ್ರೆಯ ಗೇಟಿನೆದುರು ಥರ್ಮಾಸ್ ಹಿಡಿದು ನಿಂತ ಮಗಳಿಗೆ, ಒಳಗೆ ಮಲಗಿರುವ ಅಪ್ಪನಿಗಾಗಿ, ಸಕ್ಕರೆ ಇಲ್ಲದ್ದು ಬೇಕು. ಮೊದಲ ಮೂವರಿಗೆ ನೀವು ಹೇಗೋ ಹೊಂದಿಸಿ ಕೊಡುತ್ತೀರಿ. ಒಬ್ಬರಿಗೆ ಡಿಕಾಕ್ಷನ್ನು ಒಂದಿಷ್ಟು ಜಾಸ್ತಿ, ಇನ್ನೊಬ್ಬರಿಗೆ ಮೇಲೊಂದು ಹುಟ್ಟು ಹಾಲು. ನಾಲ್ಕನೆಯವಳಿಗೆ ಮಾತ್ರ ಏನೂ ಮಾಡಲಾಗುವುದಿಲ್ಲ, ಏಕೆಂದರೆ ಒಮ್ಮೆ ಪಾತ್ರೆಗೆ ಬಿದ್ದ ಸಕ್ಕರೆಯನ್ನು ಯಾರೂ ಹೊರಗೆ ತೆಗೆಯಲಾರರು.

ನಮ್ಮ ಅತ್ತೆಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಚಹಾ ಎಂದರೆ ಅವರಿಗೆ ಪ್ರಾಣ. ಬಸ್ಸಿನಲ್ಲಿ ಊರಿಗೆ ಹೋಗುವಾಗ ದಾರಿಯ ನಿಲ್ದಾಣಗಳಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಇಳಿದು ಹೋಗಿ ಕೇಳಿದರೆ ಬರುವ ಉತ್ತರ ಒಂದೇ: ‘ಎಲ್ಲಾ ಕೂಡಿಸೇ ಕುದಿಸೇವ್ರೀ ಅಮ್ಮಾರ, ಸಪ್ಪನ್ದ್ ಇಲ್ರೀ.’ ಬೇರೆ ಮಾಡಿಕೊಡಿ ಎನ್ನಲು ಬಸ್ಸು ಕಾಯುವುದಿಲ್ಲ. ಸುತ್ತಲಿನವರೆಲ್ಲ ಬಿಸಿ ಗ್ಲಾಸು ಹಿಡಿದು ನಿಂತಿರುವಾಗ ಅವರು ನೀರಿನ ಬಾಟಲಿ ಹಿಡಿದು ಸೀಟಿಗೆ ಮರಳುತ್ತಾರೆ. ಚಹಾ ಮಾಡಲು ಬಾರದವರ ಅಂಗಡಿಗಳಲ್ಲ ಅವು. ಸೊಗಸಾದ ಚಹಾವೇ ಅಲ್ಲಿ ಕುದಿಯುತ್ತಿರುತ್ತದೆ. ಒಂದು ಹಿಡಿ ಸಕ್ಕರೆ ಐದು ನಿಮಿಷ ಮೊದಲೇ ಬಿದ್ದುಬಿಟ್ಟಿರುತ್ತದೆ, ಅಷ್ಟೇ.

ಇಂಥವರು ಒಬ್ಬರಿಬ್ಬರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ದೇಶವ್ಯಾಪಿ ಅಧ್ಯಯನವೊಂದರ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅವರೆಲ್ಲ ನಿಮ್ಮ ಅಂಗಡಿಯ ಮುಂದೆಯೇ ಹಾದು ಹೋಗುವವರು. ಕಾಯಿಲೆ ಇಲ್ಲದವರ ಲೆಕ್ಕವನ್ನೂ ನೋಡಿ. ಸಕ್ಕರೆ ಮತ್ತು ಅಂಥ ಸಿಹಿಗಳಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ 10 ಪ್ರತಿಶತಕ್ಕಿಂತ ಕಡಿಮೆಯಿರಲಿ, 5 ಪ್ರತಿಶತಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದೊಡ್ಡವರಿಗೆ ಈ 5 ಪ್ರತಿಶತವೆಂದರೆ ಸುಮಾರು 25 ಗ್ರಾಂ, ಆರು ಸಣ್ಣ ಚಮಚ. ಗ್ಲಾಸಿಗೆ ಎರಡು ಚಮಚ ಎಂದು ಹಿಡಿದರೆ ಮೂರು ಗ್ಲಾಸಿಗೆ ಆ ಪಾಲು ಮುಗಿದೇ ಹೋಯಿತು. ಆಮೇಲೆ ತಿನ್ನುವ ಬಿಸ್ಕತ್ತು, ಶಿರಾ, ಪೇಢೆ ಎಲ್ಲ ಮೇಲಿನದು. ದಿನಕ್ಕೆ ನಾಲ್ಕೈದು ಗ್ಲಾಸು ಕುಡಿಯುವವರು ನಿಮ್ಮ ಕಾಯಂ ಗಿರಾಕಿಗಳು. ಅವರು ಬಹಳ ಕಾಲ ಗಟ್ಟಿಮುಟ್ಟಾಗಿ ನಿಮ್ಮ ಅಂಗಡಿಗೆ ನಡೆದು ಬರಬೇಕು ಎಂಬುದು ನನ್ನ ಆಸೆ, ನಿಮ್ಮದೂ ಅದೇ ಇರುತ್ತದೆ.

ಆದರೆ ಈ ಪತ್ರ ಬರೆಯುತ್ತಿರುವುದು ಆರೋಗ್ಯವೊಂದಕ್ಕೇ ಅಲ್ಲ. ಚಹಾದ ರುಚಿಗಾಗಿ ಬರೆಯುತ್ತಿದ್ದೇನೆ. ಅದಕ್ಕೆ ನಾನು ಮನೆಯಲ್ಲಿ ಚಹಾ ಹೇಗೆ ಮಾಡುತ್ತೇನೆ ಎಂಬುದನ್ನು ನಿಮಗೆ ಹೇಳಬೇಕು. ದಿನಕ್ಕೆ ನೂರಾರು ಗ್ಲಾಸು ಮಾಡುವ ನಿಮಗೆ ಕಲಿಸುವುದಕ್ಕಲ್ಲ, ನನ್ನ ಇಷ್ಟ ಯಾವುದು, ಯಾಕೆ ಎಂದು ತಿಳಿಸುವುದಕ್ಕೆ.

ಎರಡು ಕಪ್ಪು ಚಹಾಕ್ಕೆ ಒಂದೂಕಾಲು ಕಪ್ಪು ನೀರು ಇಡುತ್ತೇನೆ. ನೀರು ಆಗಷ್ಟೇ ಹಿಡಿದದ್ದಾಗಬೇಕು. ಹಿಂದೊಮ್ಮೆ ಕುದಿದು ಆರಿದ ನೀರಿನ ಚಹಾ ನನಗೆ ರುಚಿಸುವುದಿಲ್ಲ. ಬೆರಳ ತುದಿಯಷ್ಟು ಶುಂಠಿ ಜಜ್ಜಿ ಆ ನೀರಿಗೇ ಹಾಕುತ್ತೇನೆ, ಹಾಲಿಗಲ್ಲ. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಮುರಿಯುವ ಕಿಣ್ವವಿದೆ, ನೇರವಾಗಿ ಹಾಲಿಗೆ ಬಿದ್ದರೆ ಹಾಲು ಒಡೆಯುವ ಭಯ. ಕುದಿಯುವ ನೀರಿನಲ್ಲಿ ಎರಡು ನಿಮಿಷ ಬೆಂದರೆ ಆ ಕಿಣ್ವದ ಕಾಟ ತಪ್ಪುತ್ತದೆ, ಖಾರ ನೀರಿಗೆ ಇಳಿಯುತ್ತದೆ. ಆಮೇಲೆ ಕಪ್ಪಿಗೊಂದರಂತೆ ಎರಡು ಚಮಚ ಪುಡಿ. ಪುಡಿ ಬಿದ್ದ ಕೂಡಲೆ ಉರಿ ಸಣ್ಣದು ಮಾಡಿ ಎರಡು ನಿಮಿಷ ಬಿಡುತ್ತೇನೆ. ನೀರಿನ ಬಣ್ಣ ಇಟ್ಟಿಗೆ ಕೆಂಪಿನಿಂದ ದಾಸವಾಳದ ಕೆಂಪಿಗೆ ತಿರುಗುವುದು ಕಣ್ಣಿಗೆ ಕಾಣುತ್ತದೆ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಮುಕ್ಕಾಲು ಕಪ್ಪು ಹಾಲು ಕಾದಿರುತ್ತದೆ. ಬಿಸಿ ಹಾಲನ್ನೇ ಹೊಯ್ಯುತ್ತೇನೆ. ತಣ್ಣನೆ ಹಾಲು ಹೊಯ್ದರೆ ಮತ್ತೆ ಕುದಿ ಬರುವವರೆಗೆ ಪುಡಿ ಸುಮ್ಮನೆ ಬೇಯುತ್ತಿರುತ್ತದೆ. ಒಮ್ಮೆ ಉಕ್ಕಿ ಮೇಲೆ ಬಂದರೆ ಸಾಕು. ಜಜ್ಜಿದ ಒಂದು ಏಲಕ್ಕಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿ, ಒಂದು ನಿಮಿಷ ಬಿಟ್ಟು ಸೋಸುತ್ತೇನೆ.

ಸೋಸಿದ್ದನ್ನು ಗಾಜಿನ ಗ್ಲಾಸಿಗೇ ಹೊಯ್ದುಕೊಳ್ಳುತ್ತೇನೆ. ಚಹಾದ ಬಣ್ಣ ಕಾಣದಿದ್ದರೆ ನನಗೆ ಅರ್ಧ ಸುಖ ಹೋದಂತೆ. ಬೆಳಿಗ್ಗೆಯ ಚಹಾಕ್ಕೆ ಅರ್ಧ ಚಮಚ ಸಕ್ಕರೆ, ಸಂಜೆಯ ಚಹಾಕ್ಕೆ ಏನೂ ಇಲ್ಲ. ನಮ್ಮವರಿಗೆ ಎರಡು ಹೊತ್ತೂ ಒಂದೂವರೆ ಚಮಚ. ಅತ್ತೆಗೆ ಸಪ್ಪೆ, ಆದರೆ ಶುಂಠಿಯ ಖಾರ ಗಂಟಲಿಗೆ ತಾಗಬೇಕು. ಒಂದೇ ಪಾತ್ರೆಯಲ್ಲಿ ಕುದಿದ ಚಹಾ ನಮ್ಮ ಮನೆಯಲ್ಲಿ ಮೂವರಿಗೆ ಮೂರು ಬಗೆ ಆಗುತ್ತದೆ. ಅದಕ್ಕೆ ಬೇಕಾದದ್ದು ಪಾತ್ರೆಯಲ್ಲಿ ಸಕ್ಕರೆ ಇಲ್ಲದಿರುವುದು, ಅದೊಂದೇ.

ಸಕ್ಕರೆ ಇಲ್ಲದ ಸಂಜೆಯ ಚಹಾ ಕುಡಿಯಲು ಹತ್ತಿದ ಮೇಲೆಯೇ ಪುಡಿಯಿಂದ ಪುಡಿಗೆ ಇರುವ ವ್ಯತ್ಯಾಸ ನನಗೆ ತಿಳಿಯಿತು. ನೀಲಗಿರಿಯ ಪುಡಿಯಲ್ಲಿ ಬಣ್ಣಕ್ಕಿಂತ ಘಮ ಮುಂದು, ಅಸ್ಸಾಮಿನದರಲ್ಲಿ ಕಸುವು ಮುಂದು. ಎರಡನ್ನೂ ಕೂಡಿಸಿದರೆ ಬರುವ ರುಚಿಯೇ ಬೇರೆ. ಹರಾಜಿಗೆ ಬರುವ ಚಹಾದ ಗುಣ ಅಳೆಯುವುದಕ್ಕೆಂದೇ ನುರಿತ ರುಚಿಗಾರರು ಇದ್ದಾರೆ. ರುಚಿ ನೋಡುವ ಚಹಾ ಹೇಗೆ ತಯಾರಿಸಬೇಕು ಎಂಬುದಕ್ಕೆ 1980ರಲ್ಲಿ ಅಂತರರಾಷ್ಟ್ರೀಯ ಮಾನದಂಡವೇ ಬಂತು: 100 ಮಿಲಿಲೀಟರ್ ಕುದಿನೀರಿಗೆ 2 ಗ್ರಾಂ ಪುಡಿ, 6 ನಿಮಿಷ. ಅದರಲ್ಲಿ ಹಾಲು ಬೇಕಿದ್ದರೆ ಸೇರಿಸಿಕೊಳ್ಳುವ ಅವಕಾಶವಿದೆ, ಸಕ್ಕರೆಗೆ ಜಾಗವೇ ಇಲ್ಲ. ಸಿಹಿ ಬಿದ್ದರೆ ಚಹಾದ ಗುಣದೋಷ ಎರಡೂ ನಾಲಗೆಗೆ ಸಿಗದೆ ಜಾರಿಕೊಳ್ಳುತ್ತವೆ.

ಅಂಗಡಿಗಳಲ್ಲೂ ಆಗುತ್ತಿರುವುದು ಇದೇ. ಪುಡಿ ಬಿಸಿನೀರಿಗೆ ಬಿದ್ದ ಮೊದಲ ನಿಮಿಷಗಳಲ್ಲೇ ಬಣ್ಣ, ಘಮ, ಮೈ ಎಚ್ಚರಿಸುವ ಕೆಫೀನು ಬಹುಮಟ್ಟಿಗೆ ಇಳಿದುಬಿಡುತ್ತವೆ. ಆಮೇಲೆ ಕುದಿಸುತ್ತಾ ಹೋದಂತೆ ಘಮ ಹಬೆಯ ಜೊತೆ ಹೋಗುತ್ತದೆ, ಒಗರು ಏರುತ್ತಾ ಹೋಗುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಆ ಒಗರಿನ ಒಂದು ಪಾಲನ್ನು ಹಿಡಿದು ಮೆತ್ತಗೆ ಮಾಡುತ್ತದೆ. ಹಾಲಿನ ಚಹಾ ನಮಗೆ ಹಿತವಾಗಿರುವುದು ಅದಕ್ಕೇ. ಆದರೆ ಚರಟ ಒಳಗೇ ಇರುವ ಪಾತ್ರೆ ಅರ್ಧ ಗಂಟೆ ಒಲೆಯ ಮೇಲೆ ಕೂತರೆ, ಗಿರಾಕಿ ಬಂದಾಗಲೆಲ್ಲ ಅದಕ್ಕೇ ಮತ್ತೆ ನೀರು, ಮತ್ತೆ ಹಾಲು ಬಿದ್ದರೆ, ಹಾಲಿನ ಕೈಲೂ ಆ ಒಗರನ್ನು ತಡೆಯಲಾಗುವುದಿಲ್ಲ. ಆಗ ಸಕ್ಕರೆಯ ಮೊರೆ. ಇನ್ನೊಂದು ಹಿಡಿ ಸಕ್ಕರೆ ಬಿದ್ದರೆ ಹಳೆಯ ಚಹಾವೂ ಗಂಟಲಲ್ಲಿ ಇಳಿಯುತ್ತದೆ. ಸಕ್ಕರೆ ಹೊರಗಿಟ್ಟ ಅಂಗಡಿಯಲ್ಲಿ ಈ ಉಪಾಯ ನಡೆಯದು. ಅಲ್ಲಿ ಹೊತ್ತು ಹೊತ್ತಿಗೆ ಹೊಸ ಚಹಾ ಕುದಿಯಲೇಬೇಕು. ಸಕ್ಕರೆ ಬೇಡದವರಿಗಷ್ಟೇ ಅಲ್ಲ, ಎರಡು ಚಮಚ ಬೇಡುವವರಿಗೂ ಅದರಿಂದ ಒಳ್ಳೆಯ ಚಹಾ ಸಿಗುತ್ತದೆ.

ಎಲ್ಲ ಕೂಡಿಸಿ ಕುದಿಸುವ ರೂಢಿ ನಮ್ಮಲ್ಲಿ ಹೇಗೆ ಬಂತು ಎಂಬುದನ್ನೂ ನೆನೆಯಬೇಕು. ಅಸ್ಸಾಮಿನ ಚಹಾ ಲಂಡನ್ನಿನಲ್ಲಿ ಮೊದಲು ಹರಾಜಾದದ್ದು 1839ರಲ್ಲಿ. ಆಮೇಲೆ ಎಷ್ಟೋ ಕಾಲ ಬೆಳೆಯುವುದು ಇಲ್ಲಿ, ಕುಡಿಯುವುದು ಅಲ್ಲಿ ಎಂಬಂತಿತ್ತು. 1903ರ ಕಾಯಿದೆಯಿಂದ ಚಹಾದ ಮೇಲೆ ಸೆಸ್ ಬಂತು, ಆ ಹಣದಲ್ಲಿ ಪ್ರಚಾರ ನಡೆಯಿತು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಮಾಲು ಬಿಕರಿಯಾಗದೆ ಉಳಿದಾಗ ಕಂಪನಿಗಳ ಕಣ್ಣು ನಮ್ಮ ಜನರ ಮೇಲೆ ಪೂರಾ ಬಿತ್ತು. ಪ್ರಚಾರಕರು ಸಂತೆ, ಜಾತ್ರೆ, ಕಾರ್ಖಾನೆ, ಓಣಿಗಳಿಗೆ ಹೋಗಿ ಚಹಾ ಮಾಡಿ ತೋರಿಸಿದರು, ಪುಕ್ಕಟೆ ಕುಡಿಸಿದರು. ರೈಲು ನಿಲ್ದಾಣಗಳಲ್ಲಿ ದೇಶಭಾಷೆಗಳ ಎನಾಮಲ್ ಫಲಕಗಳು ಬಂದವು. ಅವರು ಕಲಿಸಿದ ಕ್ರಮದಲ್ಲಿ ಕುದಿನೀರಿನಲ್ಲಿ ಎಲೆ ನೆನೆಸಿ, ಹಾಲು ಸಕ್ಕರೆಯನ್ನು ಕಪ್ಪಿಗೆ ಹಾಕಿಕೊಳ್ಳಬೇಕಿತ್ತು.

ನಮ್ಮ ಅಂಗಡಿಕಾರರು ಆ ಕ್ರಮವನ್ನು ಹಾಗೆಯೇ ಒಪ್ಪಲಿಲ್ಲ. ಎಲೆ ತುಟ್ಟಿಯಾಗಿತ್ತು. ಕಡಿಮೆ ಎಲೆಗೆ ಹೆಚ್ಚು ಹಾಲು, ಸಕ್ಕರೆ, ಮಸಾಲೆ ಕೂಡಿಸಿ ಕುದಿಸಿದರೆ ಬಡವನ ಕಾಸಿಗೂ ಒಂದು ತುಂಬು ಗ್ಲಾಸು ಬರುತ್ತಿತ್ತು. ಎಲೆ ಕಡಿಮೆ ಖರ್ಚಾಗುತ್ತದೆಂದು ಕಂಪನಿಯವರು ಗೊಣಗಿದರೂ ಅಂಗಡಿಕಾರರು ಬಿಡಲಿಲ್ಲ. ಎಲೆಯನ್ನು ಜಜ್ಜಿ, ಹರಿದು, ಸುರುಳಿ ಸುತ್ತಿಸಿ ಕಾಳಿನಂತೆ ಮಾಡುವ ಸಿಟಿಸಿ ಯಂತ್ರ ಅಸ್ಸಾಮಿನಲ್ಲಿ 1930ರ ದಶಕದಲ್ಲಿ ಬಂದಿತ್ತು. ಸ್ವಾತಂತ್ರ್ಯದ ನಂತರ ಅದು ಎಲ್ಲೆಡೆ ಹಬ್ಬಿ, ಅಗ್ಗದ ದರಕ್ಕೆ ಕಡು ಬಣ್ಣದ ಗಟ್ಟಿ ಚಹಾ ಸಿಗುವಂತಾಯಿತು. ಹಾಲು, ಸಕ್ಕರೆ, ಶುಂಠಿಯ ಭಾರ ತಡೆಯುವ ಕಸುವು ಆ ಪುಡಿಗಿತ್ತು. ಹೀಗೆ ಸಾಹೇಬರ ಕಪ್ಪಿನಲ್ಲಿದ್ದ ಪಾನೀಯ ಬೀದಿಯವರ ಗ್ಲಾಸಿಗೆ ಬಂತು. ತಂದವರು ನೀವು, ನಿಮ್ಮ ಹಿರಿಯರು. ಇಂದು ದೇಶದಲ್ಲಿ ಬೆಳೆಯುವ ಚಹಾದ ಸುಮಾರು 80 ಪ್ರತಿಶತವನ್ನು ಇಲ್ಲಿನ ಜನರೇ ಕುಡಿಯುತ್ತಾರೆಂದರೆ ಅದಕ್ಕೆ ಕಾರಣ ಯಾವ ಎನಾಮಲ್ ಫಲಕವೂ ಅಲ್ಲ, ನಿಮ್ಮ ಒಲೆ. ನಮ್ಮ ಕುದಿಸುವ ಪದ್ಧತಿಯನ್ನು ನಾನು ಯಾವ ದೇಶದ ಪದ್ಧತಿಗೂ ಬಿಟ್ಟುಕೊಡುವವಳಲ್ಲ. ಹಾಲು ಕುದಿಯಲಿ, ಶುಂಠಿ ಕುದಿಯಲಿ. ಸಕ್ಕರೆಯೊಂದು ಹೊರಗೆ ನಿಲ್ಲಲಿ.

ನಿಮ್ಮ ಕಷ್ಟಗಳೂ ನನಗೆ ಗೊತ್ತು. ಮೊದಲನೆಯದು ಹೊತ್ತು. ಬೆಳಿಗ್ಗೆ ಎಂಟರ ಗದ್ದಲದಲ್ಲಿ ಒಬ್ಬೊಬ್ಬರಿಗೂ ಕೇಳಿ, ಚಮಚ ಹಾಕಿ, ತಿರುವಿ ಕೊಡುತ್ತ ಕೂರಲು ಆಗುತ್ತದೆಯೇ ಎಂದು ಕೇಳುತ್ತೀರಿ. ಕರಾವಳಿಯ ಕಡೆ, ಮಲಯಾಳಿಗಳ ಚಹಾದಂಗಡಿಗಳಲ್ಲಿ ಹೋಗಿ ನೋಡಿ. ಒಂದು ಕಡೆ ನೀರು ಸದಾ ಕುದಿಯುತ್ತಿರುತ್ತದೆ. ಪುಡಿ ತುಂಬಿದ ಉದ್ದನೆಯ ಬಟ್ಟೆ ಚೀಲದ ಮೂಲಕ ನೀರು ಹೊಯ್ದರೆ ಡಿಕಾಕ್ಷನ್ನು ಇಳಿಯುತ್ತದೆ. ಗ್ಲಾಸಿನ ತಳಕ್ಕೆ ಮೊದಲು ಸಕ್ಕರೆ, ಮೇಲೆ ಬಿಸಿ ಹಾಲು, ಅದರ ಮೇಲೆ ಡಿಕಾಕ್ಷನ್ನು. ಆಮೇಲೆ ಒಂದು ಪಾತ್ರೆಯಿಂದ ಗ್ಲಾಸಿಗೆ ಮಾರುದ್ದ ಎತ್ತಿ ಹೊಯ್ದರೆ ಸಕ್ಕರೆ ಕರಗುತ್ತದೆ, ನೊರೆ ಬರುತ್ತದೆ, ಬಿಸಿಯೂ ಕುಡಿಯುವ ಹದಕ್ಕೆ ಇಳಿಯುತ್ತದೆ. ಚಮಚದ ಕೆಲಸವೇ ಇಲ್ಲ. ಸಕ್ಕರೆ ಬೇಡ ಎಂದವರಿಗೆ ಮೊದಲ ಹೆಜ್ಜೆ ಬಿಟ್ಟರಾಯಿತು. ಎಷ್ಟೇ ಗದ್ದಲವಿದ್ದರೂ ಅಲ್ಲಿ ಕೈ ನಿಲ್ಲುವುದಿಲ್ಲ.

ನಮ್ಮ ಪದ್ಧತಿಯನ್ನು ಬಿಡದೆಯೂ ಇದು ಸಾಧ್ಯ. ಧಾರವಾಡದಲ್ಲೇ ರಸ್ತೆ ಬದಿಯ ಒಂದು ಗಾಡಿಯಲ್ಲಿ ಅಕ್ಕ ಒಬ್ಬರು ಮಾಡುವುದನ್ನು ನಾನು ದಿನಾ ನೋಡುತ್ತೇನೆ. ಅವರ ಬೋಗುಣಿಯಲ್ಲಿ ಸಕ್ಕರೆ ಬೀಳುವುದಿಲ್ಲ. ಸ್ಟೀಲಿನ ತಟ್ಟೆಯಲ್ಲಿ ಗ್ಲಾಸುಗಳು ಎರಡು ಸಾಲಾಗಿ ಇರುತ್ತವೆ. ಎದುರಿನ ಸಾಲಿಗೆ ಮೊದಲೇ ಒಂದೊಂದು ಚಮಚ ಸಕ್ಕರೆ, ಹಿಂದಿನ ಸಾಲು ಖಾಲಿ. ಗಿರಾಕಿ ಬಂದಾಗ ‘ಸಕ್ರಿ?’ ಎಂದು ಒಂದೇ ಶಬ್ದ. ‘ಹಾಕ್ರೀ’ ಎಂದರೆ ಎದುರಿನ ಗ್ಲಾಸು, ‘ಬ್ಯಾಡ್ರೀ’ ಎಂದರೆ ಹಿಂದಿನದು, ‘ಮುಂದಿರಲಿ’ ಎಂದರೆ ಎದುರಿನದಕ್ಕೆ ಇನ್ನೊಂದು ಚಿಟಿಕೆ. ಕೈಯಲ್ಲಿ ಜಾಲರಿ, ಮೇಲಿಂದ ಧಾರೆ, ಗ್ಲಾಸು ಗಿರಾಕಿಯ ಕೈಗೆ. ಕಾಯಂ ಬರುವವರನ್ನು ಅವರು ಕೇಳುವುದೂ ಇಲ್ಲ. ದೂರದಿಂದ ಮುಖ ಕಂಡ ಕೂಡಲೆ ಸರಿಯಾದ ಸಾಲಿನ ಗ್ಲಾಸಿಗೆ ಕೈ ಹೋಗಿರುತ್ತದೆ. ಮನೆಯ ಹೊರಗೆ ನಮ್ಮ ಅತ್ತೆ ನೆಮ್ಮದಿಯಿಂದ ಚಹಾ ಕುಡಿಯುವ ಜಾಗ ಅದು. ಅವರು ಅಲ್ಲಿ ಗ್ಲಾಸು ಹಿಡಿದು ನಿಲ್ಲುವಾಗ ರೋಗಿಯಂತೆ ಇರುವುದಿಲ್ಲ, ಎಲ್ಲರಂತೆ ಒಬ್ಬ ಗಿರಾಕಿಯಾಗಿರುತ್ತಾರೆ.

ಎರಡನೆಯ ಕಷ್ಟ ಹಣದ್ದು. ಹಾಲಿನ ದರ ಏರಿದೆ, ಗ್ಯಾಸು ಏರಿದೆ, ಗ್ಲಾಸಿಗೆ ಒಂದು ರೂಪಾಯಿ ಏರಿಸಿದರೂ ಜನ ಮುಖ ತಿರುಗಿಸುತ್ತಾರೆ. ಪುಡಿಗಿಂತ ಸಕ್ಕರೆ ಅಗ್ಗ, ಅದನ್ನೇ ಮುಂದು ಮಾಡಿದರೆ ಗ್ಲಾಸು ತುಂಬಿದಂತೆ ಕಾಣುತ್ತದೆ. ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡೋಣ. ದಿನಕ್ಕೆ 300 ಗ್ಲಾಸು ಮಾರುವ ಅಂಗಡಿ ಎಂದಿಟ್ಟುಕೊಳ್ಳಿ. ಕೇಳಿ ಹಾಕುವ ರೂಢಿಯಿಂದ ಗ್ಲಾಸಿಗೆ ಸರಾಸರಿ 4 ಗ್ರಾಂ, ಅಂದರೆ ಒಂದು ಚಮಚ, ಸಕ್ಕರೆ ಕಡಿಮೆಯಾದರೆ ದಿನಕ್ಕೆ 1.2 ಕಿಲೋ ಉಳಿಯಿತು. ಕಿಲೋಗೆ 45 ರೂಪಾಯಿ ಎಂದರೆ 54 ರೂಪಾಯಿ. ಗ್ಲಾಸಿಗೆ 2.5 ಗ್ರಾಂ ಪುಡಿಯಂತೆ 300 ಗ್ಲಾಸಿಗೆ ಬೇಕಾಗುವುದು ಮುಕ್ಕಾಲು ಕಿಲೋ. ಉಳಿದ 54 ರೂಪಾಯಿಯನ್ನು ಪುಡಿಗೆ ಹಾಕಿದರೆ ಈಗಿನದಕ್ಕಿಂತ ಕಿಲೋಗೆ 70 ರೂಪಾಯಿ ಹೆಚ್ಚಿನ ದರದ ಪುಡಿ ತರಬಹುದು, ನಿಮ್ಮ ಕೈಯಿಂದ ಒಂದು ಪೈಸೆಯೂ ಬೀಳುವುದಿಲ್ಲ. ಆ ಪುಡಿಯ ಘಮಕ್ಕೆ ಬೀದಿಯ ಆ ತುದಿಯವರು ಬರುತ್ತಾರೆ.

ಮೂರನೆಯದು, ಸಕ್ಕರೆ ಜೊತೆಗೇ ಕುದಿದರೆ ಚಹಾಕ್ಕೆ ಒಂದು ಮೈ ಬರುತ್ತದೆ, ಮೇಲೆ ಹಾಕಿದರೆ ಆ ಹದ ಸಿಗದು ಎಂಬ ಮಾತು. ಇದರಲ್ಲಿ ನಿಜ ಇಲ್ಲದಿಲ್ಲ. ಸಿಹಿ ಚಹಾ ತುಸು ದಪ್ಪ ಎನಿಸುತ್ತದೆ. ಆದರೆ ಆ ಮೈಯನ್ನು ಹಾಲಿನಿಂದಲೂ ತರಬಹುದು. ಎಮ್ಮೆ ಹಾಲನ್ನು ಸಣ್ಣ ಉರಿಯಲ್ಲಿ ಬೇರೆಯಾಗಿ ಕಾಯಿಸಿ ತುಸು ಗಟ್ಟಿಮಾಡಿಕೊಂಡು ಡಿಕಾಕ್ಷನ್ನಿಗೆ ಕೂಡಿಸಿದರೆ ಸಕ್ಕರೆ ಇಲ್ಲದ ಚಹಾವೂ ಬಾಯಿ ತುಂಬಿ ಹಿತವಾಗುತ್ತದೆ. ಸಿಹಿಯನ್ನು ಕೊನೆಗೆ ಹಾಕುವುದು ಬೆಲ್ಲದ ಚಹಾ ಮಾರುವವರಿಗೆ ಹೊಸದೇನಲ್ಲ. ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿದರೆ ಹಾಲು ಒಡೆಯುತ್ತದೆ ಎಂದು ಅವರು ಕೊನೆಯಲ್ಲೇ ಹಾಕುತ್ತಾರೆ, ಆದರೂ ಅವರ ಚಹಾದ ಹದ ಕೆಟ್ಟಿಲ್ಲ. ಬೆಲ್ಲವೂ ಸಕ್ಕರೆ ಕಾಯಿಲೆಯವರಿಗೆ ಆಗದು ಎಂಬುದನ್ನು ಮಾತ್ರ ದಯವಿಟ್ಟು ಗಿರಾಕಿಗೆ ಹೇಳಿ. ‘ಬೆಲ್ಲದ್ದು, ಏನೂ ಆಗಲ್ಲ’ ಎಂಬ ಮಾತು ನಂಬಿ ಕುಡಿಯುವವರು ಬಹಳ ಇದ್ದಾರೆ.

ಸಕ್ಕರೆ ಬದಿಗೆ ಸರಿದ ಮೇಲೆ ಗ್ಲಾಸಿನಲ್ಲಿ ಉಳಿಯುವುದು ನೀರು, ಹಾಲು, ಪುಡಿ. ಹೀಗಾಗಿ ಪುಡಿಯ ಬಗ್ಗೆ ಒಂದು ಮಾತು. ಬಣ್ಣ ಕೂಡಿಸಿದ ಪುಡಿ ಪೇಟೆಯಲ್ಲಿದೆ. ನಿಮಗೆ ಗೊತ್ತಿಲ್ಲದಂತೆ ನಿಮ್ಮ ಡಬ್ಬಿಗೂ ಬಂದಿರಬಹುದು. ಪತ್ತೆ ಹಚ್ಚಲು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಟ್ಟ ಸುಲಭ ಪರೀಕ್ಷೆಯಿದೆ. ಬಿಳಿ ಸೋಸುಕಾಗದದ ಮೇಲೆ ನಾಲ್ಕು ಕಾಳು ಪುಡಿ ಹರಡಿ, ತಣ್ಣೀರು ಚಿಮುಕಿಸಿ, ಆಮೇಲೆ ಪುಡಿ ತೆಗೆದು ಕಾಗದವನ್ನು ನಲ್ಲಿಯ ಕೆಳಗೆ ತೊಳೆದು ಬೆಳಕಿಗೆ ಹಿಡಿಯಿರಿ. ಕಲೆ ಉಳಿದರೆ ಬಣ್ಣ ಕೂಡಿದೆ ಎಂದರ್ಥ. ಹೊಸ ಪೊಟ್ಟಣ ಒಡೆದಾಗಲೆಲ್ಲ ಇದನ್ನು ಗಿರಾಕಿಯ ಎದುರೇ ಮಾಡಿ ತೋರಿಸಿ. ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ.

ಕಾಗದದ ಕಪ್ಪಿನ ಬಗ್ಗೆಯೂ ಇಷ್ಟು ಹೇಳಬೇಕು. ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. ಅಂಥ 100 ಮಿಲಿಲೀಟರಿನ ಕಪ್ಪಿನಲ್ಲಿ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದಕ್ಕೆ ಇಳಿಯುತ್ತವೆ ಎಂದು ಖರಗಪುರದ ಐಐಟಿ ಸಂಶೋಧಕರು 2020ರಲ್ಲಿ ತಿಳಿಸಿದರು. ಗಾಜಿನ ಗ್ಲಾಸನ್ನು ಬಿಸಿನೀರು, ಸೋಪಿನಲ್ಲಿ ತೊಳೆದಿಟ್ಟರೆ ನಮಗೆ ಅದೇ ಸಾಕು. ಸಾಲಾಗಿ ಇಟ್ಟ ಗಾಜಿನ ಗ್ಲಾಸುಗಳಿದ್ದರೆ ಸಕ್ಕರೆ ಬಿದ್ದದ್ದು ಯಾವುದು, ಬೀಳದ್ದು ಯಾವುದು ಎಂಬುದೂ ನಿಮ್ಮ ಕಣ್ಣಿಗೆ ಬೇಗ ತಿಳಿಯುತ್ತದೆ.

ಇಷ್ಟೆಲ್ಲ ಬೇಡಿಕೆಯನ್ನು ನಿಮ್ಮ ಮೇಲೆ ಹೊರಿಸಿ ಗಿರಾಕಿಗಳಾದ ನಾವು ಕೈಕಟ್ಟಿ ನಿಲ್ಲುವುದು ನ್ಯಾಯವಲ್ಲ. ನಮ್ಮ ಕಡೆಯಿಂದಲೂ ಆಗಬೇಕಾದದ್ದು ಇದೆ. ಸಕ್ಕರೆ ಎಷ್ಟು ಎಂಬುದನ್ನು ಗ್ಲಾಸು ಕೈಗೆ ಬಂದ ಮೇಲೆ ಹೇಳುವುದಲ್ಲ, ಚಹಾ ಹೇಳುವಾಗಲೇ ಹೇಳಬೇಕು. ಹೊಸ ಚಹಾ ಕುದಿಯುತ್ತಿದ್ದರೆ ಮೂರು ನಿಮಿಷ ಕಾಯಬೇಕು. ‘ಇದ್ದದ್ದನ್ನೇ ಬಿಸಿ ಮಾಡಿ ಕೊಡಿ’ ಎಂದು ಅವಸರ ಮಾಡಿ ಹಳೆಯ ಚಹಾದ ರೂಢಿ ಬೆಳೆಸಿದವರಲ್ಲಿ ಗಿರಾಕಿಗಳ ಪಾಲು ದೊಡ್ಡದು. ಸಪ್ಪೆ ಚಹಾ ಕೇಳಿದವರನ್ನು ‘ಶುಗರ್ ಐತೇನ್ರೀ?’ ಎಂದು ಎಲ್ಲರೆದುರು ಕೇಳುವುದನ್ನು ಪಕ್ಕದಲ್ಲಿ ನಿಂತವರು ಬಿಡಬೇಕು. ಸಕ್ಕರೆ ಬೇಡ ಎನ್ನುವುದಕ್ಕೆ ಕಾಯಿಲೆ ಇರಬೇಕೆಂದಿಲ್ಲ, ಚಹಾದ ರುಚಿ ಇಷ್ಟವಿದ್ದರೂ ಸಾಕು. ಒಳ್ಳೆಯ ಪುಡಿ, ಹೊಸ ಹಾಲು, ತೊಳೆದ ಗ್ಲಾಸು ಕೊಡುವ ಅಂಗಡಿಯವರು ಎರಡು ರೂಪಾಯಿ ಜಾಸ್ತಿ ಕೇಳಿದರೆ ಮಾತಿಲ್ಲದೆ ಕೊಡಬೇಕು.

ಎಲ್ಲವನ್ನೂ ನಾಳೆಯೇ ಬದಲಿಸಿ ಎಂದು ನಾನು ಕೇಳುತ್ತಿಲ್ಲ. ಈಗಿನ ಪಾತ್ರೆ ಹಾಗೇ ಇರಲಿ. ಅದರ ಪಕ್ಕದಲ್ಲಿ ಸಕ್ಕರೆ ಹಾಕದ ಒಂದು ಸಣ್ಣ ಕೆಟಲಿ ಇಡಿ, ‘ಸಪ್ಪೆ ಚಹಾ ಸಿಗುತ್ತದೆ’ ಎಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕಿ. ಒಂದು ತಿಂಗಳು ನೋಡಿ. ಕೆಟಲಿ ಖಾಲಿಯಾಗದಿದ್ದರೆ ತೆಗೆದುಬಿಡಿ. ಖಾಲಿಯಾಗುತ್ತ ಬಂದರೆ, ಅದಕ್ಕಿಂತ ದೊಡ್ಡದನ್ನು ಇಡಿ. ಹಾಗೆ ಒಂದು ದಿನ ದೊಡ್ಡ ಪಾತ್ರೆಯೇ ಸಕ್ಕರೆ ಇಲ್ಲದ್ದಾಗಲಿ, ಸಕ್ಕರೆ ಡಬ್ಬಿ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ ಬರಲಿ. ಕೆಟಲಿ ಇಟ್ಟ ಅಂಗಡಿ ಯಾವುದೆಂದು ನಮ್ಮ ಓಣಿಯ ಪ್ರತಿ ಮನೆಗೂ ನಾನೇ ಹೋಗಿ ಹೇಳಿ ಬರುತ್ತೇನೆ.

ಇಂತಿ,
ನಿಮ್ಮ ಗಿರಾಕಿ
ಧಾರವಾಡ